ಶಿರಾ ಸೀಮೆಯ ಲೆಕ್ಕಪತ್ರಗಳು: ಕಡತದಿಂದ ಕನೆಕ್ಟರಿನವರೆಗೆ

ಔರಂಗಜೇಬನ ಸೈನ್ಯ 1686ರಲ್ಲಿ ಬಿಜಾಪುರವನ್ನು ಗೆದ್ದ ಮರುವರ್ಷ ಶಿರಾ ಪಟ್ಟಣವು ಮೊಗಲರ ಒಂದು ಸುಬೆಯ, ಅಂದರೆ ಪ್ರಾಂತ್ಯದ, ಕೇಂದ್ರವಾಯಿತು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ನೇರವಾಗಿ ಅದಕ್ಕೆ ಸೇರಿದ್ದರೆ, ಚಿತ್ರದುರ್ಗ, ಬಿದನೂರು, ಹರಪನಹಳ್ಳಿ, ಮೈಸೂರು ಮೊದಲಾದವು ಅದಕ್ಕೆ ಪೊಗದಿ ಸಲ್ಲಿಸಬೇಕಾದ ಸಂಸ್ಥಾನಗಳೆಂದು ಎಣಿಸಲ್ಪಟ್ಟಿದ್ದವು. ಈ ಸುಬೆಯ ಚರಿತ್ರೆಯನ್ನು ಮಲಿಕ್ ರೆಹಾನ್ ದರ್ಗಾ, ಜುಮ್ಮಾ ಮಸೀದಿ, ದಿಲಾವರ್ ಖಾನನ ಅರಮನೆಗಳ ಮೂಲಕ ಹೇಳುವುದು ವಾಡಿಕೆಯಾದರೂ, ಕಂದಾಯದ ಲೆಕ್ಕಪತ್ರಗಳ ಮೂಲಕವೂ ಅದನ್ನು ಹೇಳಲು ಸಾಧ್ಯವಿದೆ. ಬೇರೆ ಬೇರೆ ಕ್ರಮದಲ್ಲಿ ಬರೆದ ದಫ್ತರಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಈ ನೆಲದಲ್ಲಿ ಮೂರು ಶತಮಾನಗಳಿಂದ ನಡೆದುಬಂದಿದೆ.

ಹದಿನೇಳನೆಯ ಶತಮಾನದ ನಡುಭಾಗದವರೆಗೆ ಈ ಭಾಗದ ಜಮೀನಿನ ಲೆಕ್ಕಗಳು ಕನ್ನಡದಲ್ಲಿಯೇ ಇದ್ದವು. ಮರಾಠಾ ಸರದಾರರು ಕರ್ನಾಟಕದಲ್ಲಿ ಅಧಿಕಾರ ಹಿಡಿದಾಗ ಅವರ ಹಿಂದೆ ಬಂದ ದೇಶಸ್ಥ ಬ್ರಾಹ್ಮಣರು ತಮ್ಮ ಭಾಷೆಯನ್ನೂ ಲಿಪಿಯನ್ನೂ ಸರಕಾರಿ ಲೆಕ್ಕಕ್ಕೆ ತಂದರು. ಪಾಳೆಯಗಾರರು ಕೂಡ ತಮ್ಮಲ್ಲಿ ಸೇರಿದ ಮರಾಠಾ ಕುದುರೆ ಸವಾರರಿಗೆ ಸಂಬಳದ ಲೆಕ್ಕ ಒಪ್ಪಿಸಲು ಮರಾಠಿ ಬಲ್ಲ ಲೆಕ್ಕಿಗರನ್ನು ಇಟ್ಟುಕೊಳ್ಳಬೇಕಾಯಿತು. ಸುಬೆ ಏರ್ಪಟ್ಟ ಮೇಲೆ ಇವೆರಡರ ಜೊತೆಗೆ ಪಾರಸಿಯೂ ಬಂದಿತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸಿರುವ ಈ ಬದಲಾವಣೆಯಿಂದ ಹಳ್ಳಿಯ ಶಾನುಭೋಗನ ಕನ್ನಡ ಲೆಕ್ಕವೇನೂ ನಿಲ್ಲಲಿಲ್ಲ. ಅದರ ಮೇಲೆ ಮತ್ತೊಂದು, ಮತ್ತೂ ಒಂದು ಲೆಕ್ಕ ಬಂದು ಕೂತಿತು ಎಂಬುದು ಇಲ್ಲಿ ಮುಖ್ಯವಾದ ಸಂಗತಿ.

ಶಾನುಭೋಗರು ಬಳಸುತ್ತಿದ್ದ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಹಿಂದು ಮುಂದಾಗಿ ಮಡಿಚಿಟ್ಟ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯಬಹುದಾಗಿತ್ತು, ಬೇಕಾದಾಗ ಒರೆಸಿ ತಿರುಗಿ ಬರೆಯಬಹುದಾಗಿತ್ತು. ಒರೆಸಬಹುದಾದ ಪುಸ್ತಕವನ್ನು ನಂಬಿ ರಾಜ್ಯ ತೆರಿಗೆ ಎತ್ತಬೇಕಾದರೆ ಅದನ್ನು ನೋಡುವ ಇನ್ನೊಂದು ಕಣ್ಣು ಬೇಕೇ ಬೇಕು. ಸುಬೆಯ ಪರಗಣೆಗಳಲ್ಲಿ ಆ ಕೆಲಸಕ್ಕೆ ಒಂದು ಶ್ರೇಣಿಯೇ ಇದ್ದಿತು: ದೇಶಮುಖರು ಪಟೇಲರೊಡನೆ ಲೆಕ್ಕ ತೀರಿಸುತ್ತಿದ್ದರು, ದೇಶಕುಲಕರ್ಣಿಗಳು ಶಾನುಭೋಗರ ಪುಸ್ತಕಗಳನ್ನು ತಾಳೆ ನೋಡುತ್ತಿದ್ದರು, ಕಾನೂನುಗೋಗಳು ಸರಕಾರದ ಕಟ್ಟಳೆಗಳನ್ನು ದಫ್ತರದಲ್ಲಿ ದಾಖಲಿಸಿ ಊರವರಿಗೆ ವಿವರಿಸುತ್ತಿದ್ದರು, ಮಜುಮದಾರರು ಜಮಾಬಂದಿಯ ಕೊನೆಯ ಪತ್ರವನ್ನು ಸಿದ್ಧಪಡಿಸುತ್ತಿದ್ದರು. ಸುಬೆ 1757ರಲ್ಲಿ ಮರಾಠರ ಕೈಸೇರಿ 1761ರಲ್ಲಿ ಹೈದರಾಲಿಯ ವಶವಾದರೂ ಹಳ್ಳಿಯ ಲೆಕ್ಕ ಶಾನುಭೋಗರ ಮನೆಯಲ್ಲೇ ಉಳಿಯಿತು. ವಂಶಪಾರಂಪರ್ಯದ ಆ ಹುದ್ದೆ 1961ರ ಕಾಯಿದೆಯ ಪ್ರಕಾರ 1963ರಲ್ಲಿ ರದ್ದಾದ ಮೇಲೆ ಆ ಲೆಕ್ಕ ಸಂಬಳದ ಗ್ರಾಮ ಲೆಕ್ಕಿಗರಿಗೆ ಹೋಯಿತು.

ಇದರ ಮುಂದಿನ ದೊಡ್ಡ ತಿರುವು 'ಭೂಮಿ' ಯೋಜನೆ. ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ, ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಚದುರಿದ್ದ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ಬಂದವು. ಶಿರಾ ತಾಲ್ಲೂಕಿನ ಕಸಬಾ, ಕಳ್ಳಂಬೆಳ್ಳ, ಬುಕ್ಕಾಪಟ್ಟಣ, ಗೌಡಗೆರೆ, ಹುಲಿಕುಂಟೆ ಹೋಬಳಿಗಳ ರೈತರಿಗೂ 15 ರೂಪಾಯಿಗೆ ಮುದ್ರಿತ ಪಹಣಿ ಸಿಗುವಂತಾಯಿತು. ಇತ್ತ ನೋಂದಣಿ ಇಲಾಖೆಗೆ ಸಿ-ಡ್ಯಾಕ್ ಸಂಸ್ಥೆ ಕಟ್ಟಿದ 'ಕಾವೇರಿ' ತಂತ್ರಾಂಶ 2003ರಲ್ಲಿ ಬಂದಿತು. ಜಮೀನಿನ ಕ್ರಯಪತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾದರೆ ಅಲ್ಲಿಂದ 'ಜೆ ಸ್ಲಿಪ್' ಎಂಬ ಚೀಟಿ ತಾಲ್ಲೂಕು ಕಚೇರಿಗೆ ಹೋಗಬೇಕು, ಆ ಮೇಲೆ ತಕರಾರಿಗೆ ಅವಕಾಶ ಕೊಟ್ಟು ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆ, ಆಗಬೇಕು. ಎರಡು ಕಚೇರಿಗಳಿಗೂ ಕಂಪ್ಯೂಟರು ಬಂದ ಮಾತ್ರಕ್ಕೆ ಅವುಗಳ ನಡುವಿನ ದೂರ ಕಡಿಮೆಯಾಗಲಿಲ್ಲ. ಕಾವೇರಿಯಿಂದ ಭೂಮಿಗೆ ನೇರವಾದ ಕೊಂಡಿ ಹಾಕಿದ ಮೇಲಷ್ಟೇ ಆ ಚೀಟಿ ವಿದ್ಯುನ್ಮಾನ ರೂಪದಲ್ಲಿ ತಾನಾಗಿ ಸಾಗತೊಡಗಿತು.

ಇಂತಹ ಕೊಂಡಿಯನ್ನು ತಂತ್ರಾಂಶದವರು ಕನೆಕ್ಟರ್ ಎನ್ನುತ್ತಾರೆ. ಯಾವುದೋ ಒಂದು ಡೇಟಾಬೇಸಿನ, ಎಂದರೆ ದತ್ತಸಂಚಯದ, ಬಾಗಿಲು ತೆರೆಯುವುದು, ಅದರಲ್ಲಿರುವ ಕೋಷ್ಟಕಗಳನ್ನು ಗುರುತಿಸುವುದು, ಪ್ರಶ್ನೆಯನ್ನು ಅದಕ್ಕೆ ತಿಳಿಯುವ ರೀತಿಯಲ್ಲಿ ಕಳುಹಿಸುವುದು, ಬಂದ ಉತ್ತರದ ಅಂಕಿ, ಅಕ್ಷರ, ತಾರೀಖುಗಳನ್ನು ಕೇಳಿದವರ ಮಾದರಿಗೆ ಹೊಂದಿಸುವುದು ಅದರ ಕೆಲಸ. ಇವುಗಳಲ್ಲಿ ಕೊನೆಯದೇ ಅತ್ಯಂತ ಸೂಕ್ಷ್ಮವಾದದ್ದು. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯುತ್ತಾರೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಇದನ್ನರಿಯದ ಕನೆಕ್ಟರ್ ಆ ಚುಕ್ಕಿಯನ್ನು ದಶಮಾಂಶವೆಂದು ಓದಿದರೆ ಜಮೀನು ಎರಡು ಎಕರೆ ಎಂಟು ಗುಂಟೆಗೆ ಇಳಿಯುತ್ತದೆ; ಯಾವ ದೋಷಸೂಚನೆಯೂ ಇಲ್ಲದೆ ಹನ್ನೆರಡು ಗುಂಟೆ ಮಾಯವಾಗುತ್ತದೆ. ಮಳೆಯಾಶ್ರಿತ ಕಡಲೆಕಾಯಿ ಬೆಳೆಯುವ ಶಿರಾ, ಪಾವಗಡಗಳಲ್ಲಿ ಬೆಳೆ ವಿಮೆ, ಬೆಳೆ ಪರಿಹಾರಗಳು ವಿಸ್ತೀರ್ಣದ ಮೇಲೆಯೇ ಲೆಕ್ಕವಾಗುವುದರಿಂದ ಇದನ್ನು ಸಣ್ಣ ತಪ್ಪೆನ್ನಲಾಗದು.

ಮುಕ್ತ ತಂತ್ರಾಂಶದಲ್ಲಿ, ಎಂದರೆ ಮೂಲ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶದಲ್ಲಿ, ಹೊಸ ಕನೆಕ್ಟರ್ ಸೇರುವ ಬಗೆಗೆ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಒಳ್ಳೆಯ ನಿದರ್ಶನ. ಗ್ಯಾರಿ ಶೆರ್ಮನ್ 2002ರಲ್ಲಿ ಅದನ್ನು ಆರಂಭಿಸಿದ್ದು ಪೋಸ್ಟ್‌ಜಿಐಎಸ್ ಎಂಬ ಒಂದೇ ದತ್ತಸಂಚಯದ ನಕ್ಷೆಗಳನ್ನು ನೋಡುವುದಕ್ಕಾಗಿ. ಮುಂದೆ ಒರಾಕಲ್, ಎಸ್‌ಕ್ಯುಎಲ್ ಸರ್ವರ್, ಹಾನಾ ಮೊದಲಾದವುಗಳ ಕೊಂಡಿಗಳು ಒಂದೊಂದಾಗಿ ಸೇರಿದವು. ಇದು ಸಾಧ್ಯವಾದದ್ದು ತಂತ್ರಾಂಶದ ನಡುಭಾಗವು ಯಾವ ದತ್ತಸಂಚಯದ ಹೆಸರನ್ನೂ ಹಿಡಿಯದೆ, ಎಲ್ಲ ಕೊಂಡಿಗಳೂ ಪಾಲಿಸಬೇಕಾದ ಕರಾರನ್ನು ಮಾತ್ರ ಗೊತ್ತುಪಡಿಸಿದ್ದರಿಂದ. ಹೊಸ ಕೊಂಡಿ ಬರೆದವರು ಅದರ ಜೊತೆಗೆ ಪರೀಕ್ಷೆಗಳನ್ನೂ ಒಪ್ಪಿಸಬೇಕು, ಬೇರೊಬ್ಬರು ಅದನ್ನು ಸಾಲುಸಾಲಾಗಿ ಓದಿ ಒಪ್ಪಬೇಕು. ಆ ಓದಿನಲ್ಲಿ ಎದ್ದ ಆಕ್ಷೇಪವೂ ಅದಕ್ಕೆ ಕೊಟ್ಟ ಉತ್ತರವೂ ದಾಖಲೆಯಾಗಿ ಉಳಿಯುತ್ತವೆ. ದೇಶಕುಲಕರ್ಣಿಗೆ ವಹಿಸಿದ್ದ ತಾಳೆ ನೋಡುವ ಕೆಲಸ ಇಲ್ಲಿ ಎಲ್ಲರಿಗೂ ತೆರೆದಿದೆ.

ಭೂಮಿ, ಕಾವೇರಿಗಳು ಈ ಬಗೆಯ ಮುಕ್ತ ಯೋಜನೆಗಳಲ್ಲ. ಸರಕಾರಿ ತಂತ್ರಾಂಶಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಕೇಂದ್ರದ ನೀತಿ ಬಂದದ್ದು 2015ರಲ್ಲಿ, ಅಂದರೆ ಶಿರಾ ತಾಲ್ಲೂಕಿನ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿ ದಶಕ ಕಳೆದ ಮೇಲೆ. ವೈಯಕ್ತಿಕ ವಿವರಗಳು ತುಂಬಿದ ದಫ್ತರವನ್ನು ಕಾಪಾಡಬೇಕಾದ ಹೊಣೆ ಸರಕಾರಕ್ಕಿದೆ ಎಂಬುದು ನಿಜವಾದರೂ, ದಫ್ತರವನ್ನು ತೆರೆಯುವುದು ಬೇರೆ, ಎರಡು ದಫ್ತರಗಳ ನಡುವೆ ಗುಂಟೆಯನ್ನು ಎಕರೆಗೆ ಪರಿವರ್ತಿಸುವ ನಿಯಮವನ್ನು ತೆರೆಯುವುದು ಬೇರೆ. ಎರಡನೆಯದನ್ನು ಪ್ರಕಟಿಸುವುದರಿಂದ ಯಾರ ಗುಟ್ಟೂ ಹೊರಬೀಳುವುದಿಲ್ಲ, ಪಹಣಿಯಲ್ಲಿ ಹೆಸರಿರುವ ರೈತನಿಗೆ ತನ್ನ ಹನ್ನೆರಡು ಗುಂಟೆ ಎಲ್ಲಿ ಹೋಯಿತೆಂದು ಕೇಳಲು ಆಧಾರ ಸಿಗುತ್ತದೆ.