ಒಂದೇ ಕಾವಲು, ನಾಲ್ಕು ಪುಸ್ತಕ

ನಮ್ಮ ಸೀಮೆಯ ಅತಿ ಹಳೆಯ ಸರ್ಕಾರಿ ಆದೇಶ ಇರುವುದು ಬಂಡೆಯ ಮೇಲೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದರು. ಓದಿದವರು ಅದರಲ್ಲಿ ಧರ್ಮೋಪದೇಶ ಕಾಣುತ್ತಾರೆ. ನಾನು ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಕೂತು ಪತ್ರ ಬರೆದು ಜೀವನ ಮಾಡಿದವನು. ನನ್ನ ಕಣ್ಣು ಮೊದಲು ಹೋಗುವುದು ಅದರ ನಮೂನೆಯ ಮೇಲೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಕಳಿಸಿದ್ದು, ಇಸಿಲದ ಮಹಾಮಾತ್ರರಿಗೆ ತಲುಪಬೇಕಾದದ್ದು, ಮೊದಲಿಗೆ ಕ್ಷೇಮ ವಿಚಾರ, ಆಮೇಲೆ ವಿಷಯ, ಕೊನೆಗೆ ಬರೆದವನ ಹೆಸರು, ಚಪಡ. ಅವನು ತನ್ನ ಹುದ್ದೆಯನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಈ ಊರಿನವರು ಯಾರೂ ಓದಲಾರದ ಲಿಪಿಯಲ್ಲಿ ರುಜು ಹಾಕುವ ಬಿಂಕ ನಮ್ಮ ಕಸುಬಿಗೆ ಅಷ್ಟು ಹಳೆಯದು ಎಂದು ನಾನು ತಮಾಷೆ ಮಾಡುವುದುಂಟು.

ಬಂಡೆಯಿಂದ ಕಾಗದಕ್ಕೆ ಬಂದರೂ ಹಳೆಯ ಮಾತುಗಳು ಸುಲಭಕ್ಕೆ ಸಾಯುವುದಿಲ್ಲ. ಇವತ್ತಿಗೂ ಕ್ರಯಪತ್ರದಲ್ಲಿ ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂದು ಬರೆಯುತ್ತೇವೆ. ವಿಜಯನಗರದ ಕಾಲದ ದಾನಶಾಸನಗಳಲ್ಲಿರುವ ಅಷ್ಟಭೋಗ ತೇಜಸ್ವಾಮ್ಯ ಇದೇ. ಆಗ ರಾಜ ಕೊಟ್ಟರೆ ಎಂಟೂ ಬರುತ್ತಿದ್ದವು. ಈಗ ಮಾರುವವನ ಕೈಯಲ್ಲಿ ಎಂಟೂ ಇಲ್ಲ. ಹೂತಿಟ್ಟ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆಯೇ ಹೇಳಿತ್ತು; ಹತ್ತು ರೂಪಾಯಿ ಮೀರಿದ್ದಕ್ಕೆಲ್ಲ ಆ ಕಟ್ಟಳೆ. ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿತು. ಪಾಷಾಣ ತೆಗೆದು ಮಾರಬೇಕಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕೇಳಬೇಕು. ಜಲದ ಮಾತಂತೂ ಬೇಡ. ಬೋರ್‌ವೆಲ್ ಕೊರೆದು ಕೊರೆದು ಬತ್ತಿದ ನಮ್ಮಂಥ ಬಯಲುಸೀಮೆಗೆಂದೇ 2011ರಲ್ಲಿ ಅಂತರ್ಜಲ ಕಾಯ್ದೆ ಬಂತು. ಆದರೂ ಆ ಸಾಲು ಬಿಟ್ಟು ಪತ್ರ ಬರೆದರೆ ಕೊಳ್ಳುವವರು ‘ಏನ್ ಸ್ವಾಮಿ, ನಿಧಿ ನಿಕ್ಷೇಪ ಬಿಟ್ಟೀರಲ್ಲ’ ಎಂದು ತಕರಾರು ತೆಗೆಯುತ್ತಾರೆ. ಹಾಕುತ್ತೇನೆ. ತಕರಾರು ಬೇಡ.

ಆ ಸಂಸ್ಕೃತದ ಮೇಲೆ ಪಾರಸಿ ಬಂದು ಕೂತಿತು. ಜಮಾಬಂದಿ, ದರಖಾಸ್ತು, ಖರಾಬು, ಜಪ್ತಿ, ಜಾಮೀನು, ವಕೀಲ, ಹುಕುಂ. ಇವುಗಳಲ್ಲಿ ಯಾವುದನ್ನೂ ನಮ್ಮ ರೈತ ಪರಭಾಷೆ ಎಂದು ತಿಳಿದಿಲ್ಲ. ಅವನನ್ನು ಗೊಂದಲಕ್ಕೆ ನೂಕುವುದು ಗಡಿ. ಮೊಳಕಾಲ್ಮೂರು ಮೈಸೂರು ಸಂಸ್ಥಾನದ್ದು. ಪಕ್ಕದ ರಾಯದುರ್ಗ 1800ರಲ್ಲಿ ನಿಜಾಮನಿಂದ ಕಂಪನಿಗೆ ಹೋದ ಸೀಮೆ, ಮದ್ರಾಸಿನ ಆಡಳಿತ. ಅಲ್ಲಿ 1807ರವರೆಗೆ ಥಾಮಸ್ ಮನ್ರೋ ಕೂತು ರೈತವಾರಿ ಲೆಕ್ಕ ಹಾಕಿದ. ಇಲ್ಲಿ 1863ರಿಂದ ಬೊಂಬಾಯಿ ಪದ್ಧತಿಯ ಸರ್ವೆ ಶುರುವಾಯಿತು. ಹೀಗಾಗಿ ಆಚೆಗೆ ಕರಣಂ, ಅಡಂಗಲ್, ಪಟ್ಟಾ, ಪೊರಂಬೋಕು. ಈಚೆಗೆ ಶಾನುಭೋಗ, ಪಹಣಿ, ಖಾತೆ, ಖರಾಬು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರಕ್ಕೆ ಹೋದ ಮೇಲೆ ಗಡಿ ಇನ್ನೂ ಗಟ್ಟಿಯಾಯಿತು. ಎರಡೂ ಕಡೆ ನೆಂಟಸ್ತನ, ಎರಡೂ ಕಡೆ ಹೊಲ ಇರುವ ಮನೆಗಳವರು ಅಲ್ಲಿಯ ಪಟ್ಟಾ ಹಿಡಿದು ಬಂದು ಇಲ್ಲಿ ಖಾತೆಯ ಮಾತಾಡುತ್ತಾರೆ. ಎರಡೂ ಒಂದೇ ತೂಕದ ಕಾಗದವಲ್ಲ ಎಂದು ಹೇಳಿದರೆ ನಂಬುವುದಿಲ್ಲ.

ಖರಾಬಿನಲ್ಲೂ ಎರಡು ಜಾತಿ. ‘ಎ’ ಖರಾಬು ಸಾಗುವಳಿಗೆ ಬಾರದ ಕಲ್ಲುಗುಂಡಿನ ಜಾಗ, ಹಿಡುವಳಿಯ ಜೊತೆಗೇ ಇರುತ್ತದೆ. ‘ಬಿ’ ಖರಾಬು ದಾರಿ, ಹಳ್ಳ, ಸ್ಮಶಾನದಂಥದ್ದು, ಸಾರ್ವಜನಿಕರದು. ಪತ್ರದಲ್ಲಿ ಈ ಒಂದಕ್ಷರ ಬಿಟ್ಟುಹೋದರೆ ಅಣ್ಣತಮ್ಮಂದಿರು ಎರಡು ತಲೆಮಾರು ಕೋರ್ಟು ಸುತ್ತುತ್ತಾರೆ.

ಆದರೆ ನಾನು ಹೇಳಹೊರಟಿದ್ದು ಕಾವಲಿನ, ಅಂದರೆ ದನ ಮೇಯಲು ಬಿಟ್ಟ ಹುಲ್ಲುಗಾವಲಿನ ವಿಷಯ. ಚಳ್ಳಕೆರೆ ಸುತ್ತಿನ ಕಾವಲುಗಳ ಚರಿತ್ರೆಯೆಂದರೆ ಬಹುಪಾಲು ಯಾವ ಇಲಾಖೆ ಅವನ್ನು ಏನೆಂದು ಕರೆಯಿತು ಎಂಬುದರ ಚರಿತ್ರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಹೈದರನ ಕೈಗೆ ಬಂದಾಗ ಅದೇ ದನ ತೋಪು ಎಳೆಯಿತು. ಟಿಪ್ಪು ಅದನ್ನು ಅಮೃತ ಮಹಲ್ ಎಂದು ಕರೆದು ಹುಕುಂನಾಮೆ ಹೊರಡಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ, ಈ ಮೂರು ತಳಿ ಸೇರಿ ಬೆಳೆದ ದನಗಳಿಗೆ ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. 1799ರ ನಂತರ ಇಂಗ್ಲಿಷರು ವಹಿಸಿಕೊಂಡರು. 1860ರಲ್ಲಿ ಖರ್ಚು ಉಳಿಸಲು ಹಿಂಡುಗಳನ್ನು ಮಾರಿಬಿಟ್ಟರು. ಸೈನ್ಯಕ್ಕೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು. ಆ ಆರು ವರ್ಷದ ಬುದ್ಧಿವಂತಿಕೆಯನ್ನು ಮುಂದಿನ ಅಧಿಕಾರಿಗಳು ಓದಿಕೊಳ್ಳಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಕಾವಲಿನಲ್ಲಿ ಮೇಯುತ್ತಿದ್ದದ್ದು ಸರ್ಕಾರದ ದನ ಮಾತ್ರ ಎಂದು ತಿಳಿಯಬಾರದು. ಕಾಡುಗೊಲ್ಲರ ಕುರಿ ಇತ್ತು. ಚಳ್ಳಕೆರೆಯ ಕಂಬಳಿ ಹುಟ್ಟುವುದು ಆ ಕುರಿಯ ಬೆನ್ನ ಮೇಲೆ. ಮ್ಯಾಸನಾಯಕರ ದೇವರ ಎತ್ತುಗಳಿದ್ದವು. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಹಿಂಡು ಕಾಯುತ್ತಾರೆ. ಯಾರದು ಈ ಹಿಂಡು ಎಂದು ಕೇಳಿದರೆ ದೇವರದು ಎನ್ನುತ್ತಾರೆ. ಕಾನೂನಿಗೂ ಈ ಉತ್ತರ ಹೊಸದಲ್ಲ. ದೇವರ ವಿಗ್ರಹ ಕಾನೂನಿನ ಕಣ್ಣಲ್ಲಿ ಆಸ್ತಿ ಹೊಂದಬಲ್ಲ ವ್ಯಕ್ತಿ ಎಂದು 1925ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ. ಆದರೆ ಕಂದಾಯ ನಿಯಮಗಳ 97ನೇ ನಿಯಮದಲ್ಲಿ ಪ್ರತಿ ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಬಿಡಬೇಕೆಂದು ಲೆಕ್ಕವಿದೆ, ಅಂದರೆ ಸುಮಾರು 30 ಎಕರೆ. ಊರಿಂದ ಊರಿಗೆ ಮೇಯುತ್ತ ಹೋಗುವ ದೇವರ ಎತ್ತನ್ನು ಯಾವ ಊರಿನ ನೂರರಲ್ಲಿ ಎಣಿಸುವುದು? ನನ್ನಿವಾಳದಂಥ ಕಟ್ಟೆಮನೆಗಳಲ್ಲಿ ಹಿರಿಯರು ತಪ್ಪು ಒಪ್ಪು ತೀರ್ಮಾನಿಸುವಾಗ ಈ ಪ್ರಶ್ನೆಗೆ ಉತ್ತರವಿತ್ತು, ಆ ಉತ್ತರವನ್ನು ಯಾರೂ ಪಹಣಿಗೆ ಏರಿಸಲಿಲ್ಲ.

ಈಗ ಅದೇ ನೆಲದ ಕಾಗದ ನೋಡಿ. ಕಂದಾಯದವರಿಗೆ ಅದು ಸರ್ಕಾರಿ ಜಮೀನು, ಜಿಲ್ಲಾಧಿಕಾರಿ ಮಂಜೂರು ಮಾಡಬಹುದಾದದ್ದು. ಅರಣ್ಯದವರ ಕೈಪಿಡಿಯಲ್ಲಿ ಜಿಲ್ಲಾ ಅರಣ್ಯ. ಪಶುಸಂಗೋಪನೆಯವರಿಗೆ ತಳಿ ಸಂರಕ್ಷಣೆಯ ಹುಲ್ಲುಗಾವಲು. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನೂ, ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನೂ ಸಮುದಾಯದ ಹಕ್ಕು ಎನ್ನುತ್ತದೆ. ಆದರೆ ಅದು ಅರಣ್ಯ ಎನಿಸಿಕೊಂಡರೆ ಮಾತ್ರ. ಅರಣ್ಯ ಎಂದರೇನು? 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾದದ್ದು ಅರಣ್ಯವೇ ಎಂದಿತು. ಮರವಿಲ್ಲದ, ಹುಲ್ಲು ಮತ್ತು ಕೃಷ್ಣಮೃಗ ಇರುವ ನಮ್ಮ ಬಯಲನ್ನು ಯಾವ ನಿಘಂಟು ಕಾಡೆಂದೀತು? ಹುಲ್ಲಿಗೆ ಕಾನೂನಿನಲ್ಲಿ ಹೆಸರೇ ಇಲ್ಲದ್ದು ಈ ಸೀಮೆಯ ದೌರ್ಭಾಗ್ಯ.

ಈ ಹೆಸರುಗಳ ಜಗಳ ಪುಸ್ತಕದಲ್ಲೇ ಉಳಿಯಲಿಲ್ಲ. ಸುಮಾರು 15 ವರ್ಷದ ಹಿಂದೆ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳನ್ನು ಹಂಚಿದರು: ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಗೋಡೆ ಎದ್ದ ಮೇಲೆ ಕುರಿಗಾಹಿಗಳಿಗೆ ವಿಷಯ ತಿಳಿಯಿತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅರ್ಜಿದಾರರು ಜಿಲ್ಲಾ ಅರಣ್ಯ ಎಂದರು, ಸರ್ಕಾರ ಕಂದಾಯ ಭೂಮಿ ಎಂದಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಯೋಜನೆಗಳು ನಿಲ್ಲಲಿಲ್ಲ. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಇಸ್ರೋದ ಪುಷ್ಪಕ್ ವಿಮಾನ 2023, 2024ರಲ್ಲಿ ಇಲ್ಲೇ ಇಳಿಯಿತು. ದೇಶಕ್ಕೆ ಅದು ಹೆಮ್ಮೆ, ನನಗೂ ಹೆಮ್ಮೆಯೇ. ಆದರೆ ಹಟ್ಟಿಯವರಿಗೆ ‘ನಿಮ್ಮ ಹಕ್ಕು ಯಾವ ಕಲಂನಲ್ಲಿದೆ ತೋರಿಸಿ’ ಎಂದು ಕೇಳಿದ್ದು ನ್ಯಾಯವಲ್ಲ. ಅವರ ಹಕ್ಕನ್ನು ಕಲಂಗೆ ಸೇರಿಸಬೇಕಾದವರು ಸೇರಿಸದೆ ಬಿಟ್ಟು, ಆಮೇಲೆ ಕಲಂ ತೋರಿಸಿ ಎಂದರು.

ಕಾವಲಿನ ಅಂಚಿನಲ್ಲಿ ನಾಲ್ಕು ಎಕರೆ ಉತ್ತು ಶೇಂಗಾ ಹಾಕಿದವನ ಗತಿಯೂ ಇಷ್ಟೆ. ಅವನ ಕೆಲಸ ಒಂದೇ, ಉಳುಮೆ. ಕಂದಾಯ ಕಾಯ್ದೆಯ 94-ಎ ಕಲಂನಲ್ಲಿ ಅದು ಬಗರ್ ಹುಕುಂ, ಸಕ್ರಮ ಮಾಡಬಹುದಾದದ್ದು. ಅದಕ್ಕೆ ಹಾಕುವ ಅರ್ಜಿ ನಮೂನೆ 50, 53, 57 ಎಂದರೆ ಅಕ್ಷರ ಬಾರದವನಿಗೂ ಗೊತ್ತು. ಸಿವಿಲ್ ಕೋರ್ಟಿನಲ್ಲಿ ಅದು ಪ್ರತಿಕೂಲ ಸ್ವಾಧೀನ. ಖಾಸಗಿಯವರ ಮೇಲೆ 12 ವರ್ಷ ಸಾಕು, ಸರ್ಕಾರದ ಮೇಲೆ 30 ವರ್ಷ ಬೇಕು. ಅರಣ್ಯ ಕಾಯ್ದೆಯಲ್ಲಿ ಒತ್ತುವರಿ. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಅವನ ಮೇಲೆ ಬಿದ್ದರೆ ಭೂಕಬಳಿಕೆ, ವಿಶೇಷ ನ್ಯಾಯಾಲಯ. ಸಕ್ರಮಕ್ಕೆ ಅರ್ಜಿ ಕೊಟ್ಟರೆ ಇದು ಸರ್ಕಾರದ್ದೆಂದು ಒಪ್ಪಿಕೊಂಡ ಹಾಗೆ. ನನ್ನದೇ ಎಂದು ದಾವೆ ಹೂಡಿದರೆ ಆ ಅರ್ಜಿಯೇ ಅಡ್ಡ ಬರುತ್ತದೆ. ಎರಡೂ ಮಾಡಿ ಎಂದು ಸಲಹೆ ಕೊಡುವ ದಲ್ಲಾಳಿಗಳು ಕಚೇರಿ ಸುತ್ತ ಇದ್ದಾರೆ. ಅವರ ಮಾತು ಕೇಳಿ ಕೆಟ್ಟವರನ್ನು ಕಂಡಿದ್ದೇನೆ.

ಮಂಜೂರಾದ ಜಮೀನಿನ ಕಥೆ ಹೇಳದಿದ್ದರೆ ಪತ್ರ ಬರಹಗಾರನ ಋಣ ತೀರುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳು ಸಾಲಕ್ಕೆ, ಮದುವೆಗೆ ಕೈ ಬದಲಾದವು. 1978ರ ಪಿಟಿಸಿಎಲ್ ಕಾಯ್ದೆ ಅಂಥ ಮಾರಾಟವನ್ನು, ಸರ್ಕಾರದ ಪೂರ್ವಾನುಮತಿ ಇಲ್ಲದಿದ್ದರೆ, ಶೂನ್ಯ ಎಂದಿತು. ನೋಂದಣಿ ಆಗಿರಲಿ, ಖಾತೆ ಬದಲಾಗಿರಲಿ, ಪಹಣಿಯಲ್ಲಿ ಹೆಸರು ಕೂತಿರಲಿ, ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರಾತಿದಾರನ ಮನೆಗೆ ವಾಪಸು ಕೊಡಬಹುದು. ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರ ತಿದ್ದುಪಡಿ ಕಾಲಮಿತಿಯಿಲ್ಲ ಎಂದಿತು. ‘ಪತ್ರ ಆಗೈತಲ್ಲ ಸ್ವಾಮಿ, ಇನ್ನೇನು’ ಎನ್ನುವವರಿಗೆ ನಾನು ಹೇಳುವುದಿಷ್ಟೆ: ನೋಂದಣಿ ಕಚೇರಿ ಪತ್ರವನ್ನು ದಾಖಲು ಮಾಡುತ್ತದೆ, ಮಾರುವವನಿಗೆ ಹಕ್ಕಿತ್ತೇ ಎಂಬುದಕ್ಕೆ ಜಾಮೀನು ನಿಲ್ಲುವುದಿಲ್ಲ. ಪಹಣಿಯ ನಮೂದು ನಿಜವೆಂದು ಕಂದಾಯ ಕಾಯ್ದೆಯ 133ನೇ ಕಲಂ ಊಹಿಸಿಕೊಳ್ಳುತ್ತದೆ, ತಪ್ಪೆಂದು ರುಜುವಾತಾಗುವ ತನಕ ಮಾತ್ರ.

ಆದ್ದರಿಂದ ಜಮೀನು ಕೊಳ್ಳುವವರು ಮೊದಲು ತೆಗೆಸಬೇಕಾದದ್ದು ಮೂಲ ಮಂಜೂರಾತಿ ಆದೇಶ, ಆಮೇಲೆ ಮ್ಯುಟೇಶನ್, ಪಹಣಿಯ 11ನೇ ಕಾಲಂನ ಋಣ ಮತ್ತು ಇತರ ಹಕ್ಕುಗಳು. ಮುಂಗಡ ಕೊಡುವುದು ಕೊನೆಗೆ. ಹಾಗೆಯೇ ನಿಮ್ಮೂರಿನ ಗೋಮಾಳದ, ಉಳಿದ ಕಾವಲಿನ ಪಹಣಿಯನ್ನೂ ಒಮ್ಮೆ ನಾಡಕಚೇರಿಯಿಂದ ತೆಗೆಸಿ ನೋಡಿ. ಅಲ್ಲಿ ಏನೆಂದು ನಮೂದಾಗಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಪ್ಪಿದ್ದರೆ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.