ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಗಂಟೆ? ಮನೆ ಬಿಡೋದು ಯಾವಾಗ?

ಮಗಳ ಬಾಣಂತನಕ್ಕೆ ಅಂತ ಹೊನ್ನಾಳಿ, ಚನ್ನಗಿರಿ ಕಡೆಯಿಂದ ಅಮೆರಿಕಕ್ಕೆ ಹೊರಡುವ ತಂದೆ-ತಾಯಿಯ ಮೊದಲ ಪ್ರಶ್ನೆ ಇದೇ. ಉತ್ತರ ಸುಲಭ. ಎಡವೋದು ಟಿಕೆಟ್ ಓದುವಾಗ.

ಬೆಂಗಳೂರು ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 14 ಸಾವಿರ ಕಿ.ಮೀ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಈ ಲೆಕ್ಕ ಸಿಗಲ್ಲ. ಶಾಲೆಯ ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಎಳೆದು ನೋಡಿ, ದಾರ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಧ್ರುವ ಮಾರ್ಗದಲ್ಲೇ ಬಂದಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ. ಹಾರಾಟ ಸುಮಾರು 17 ಗಂಟೆ, ಆದರೆ ಬೆಂಗಳೂರಿಗೆ ಇಳಿದಾಗ ತಾರೀಖು 11!

ಕಾರಣ ಗಡಿಯಾರ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಮಾರ್ಚ್‌ನಿಂದ ನವೆಂಬರ್‌ವರೆಗೆ 12 ಗಂಟೆ 30 ನಿಮಿಷ. ನೀವು ಬೆಳಿಗ್ಗೆ 9.30ಕ್ಕೆ ಅಂಗಡಿ ಬಾಗಿಲು ತೆಗೆಯುವಾಗ ಚಳಿಗಾಲದಲ್ಲಿ ಅಲ್ಲಿ ಹಿಂದಿನ ದಿನದ ರಾತ್ರಿ 8. ಹಾಗಾಗಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೂ ಟಿಕೆಟ್‌ನಲ್ಲಿ ತಲುಪುವ ಸಮಯ ಅದೇ ದಿನ ಸಂಜೆ 5.30 ಅಂತ ಇರುತ್ತೆ. ಮೂರೂವರೆ ಗಂಟೆ ಪ್ರಯಾಣ ಅಂದುಕೊಳ್ಳಬೇಡಿ. ಟಿಕೆಟ್‌ನಲ್ಲಿ ಬರೆಯೋದು ಆಯಾ ಊರಿನ ಸಮಯ. ಪಕ್ಕದಲ್ಲಿ ‘+1’ ಇದ್ದರೆ ಮರುದಿನ ತಲುಪುತ್ತೀರಿ ಎಂದರ್ಥ.

ನೇರ ವಿಮಾನ ಯಾವಾಗಲೂ ಇರುತ್ತೆ ಅನ್ನುವಂತಿಲ್ಲ, ಮಾರ್ಗಗಳು ಬದಲಾಗುತ್ತಿರುತ್ತವೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ದೂರ 16 ಸಾವಿರ ಕಿ.ಮೀ. ದಾಟುತ್ತೆ. ನಡುವೆ ಕಾಯುವುದೂ ಸೇರಿ ಒಂದು ಹಗಲು, ಒಂದು ರಾತ್ರಿ ಹಿಡಿಯಿತು ಅಂತಲೇ ಇಟ್ಟುಕೊಳ್ಳಿ.

ಇನ್ನು ಎಲ್ಲಕ್ಕಿಂತ ದುಬಾರಿ ತಪ್ಪು ಮಧ್ಯರಾತ್ರಿಯ ವಿಮಾನದ್ದು. ‘ಭಾನುವಾರ 00.30’ ಅಂದರೆ ಶನಿವಾರ ರಾತ್ರಿ 12.30. ಭಾನುವಾರ ಸಂಜೆ ಬ್ಯಾಗ್ ಕಟ್ಟಿದರೆ ವಿಮಾನವೂ ಇಲ್ಲ, ದುಡ್ಡೂ ಇಲ್ಲ. ಶನಿವಾರ ರಾತ್ರಿ 9.30ಕ್ಕೆ ದೇವನಹಳ್ಳಿಯಲ್ಲಿರಬೇಕು, ಕಾರಿನಲ್ಲಿ ಐದಾರು ಗಂಟೆ ದಾರಿ, ಹಾಗಾಗಿ ಮಧ್ಯಾಹ್ನ 2ಕ್ಕೇ ಮನೆ ಬಿಡಿ. ಜಗಳೂರಿನವರು ಚಿತ್ರದುರ್ಗದಲ್ಲಿ ಹೆದ್ದಾರಿ ಹಿಡಿದು, ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತೆ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ.

ನ್ಯಾಮತಿ, ಹೊನ್ನಾಳಿಯವರಿಗೆ ಶಿವಮೊಗ್ಗದ ಸೋಗಾನೆ ನಿಲ್ದಾಣ ಹತ್ತಿರ. ಅಲ್ಲಿಂದ ಬೆಂಗಳೂರಿಗೆ ಮೊದಲ ವಿಮಾನ ಬಂದಿದ್ದು 2023ರ ಆಗಸ್ಟ್ 31ರಂದು, ನೇರ ದೂರ ಸುಮಾರು 240 ಕಿ.ಮೀ. ಆದರೆ ಎರಡೂ ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ, ಸೋಗಾನೆಯ ವಿಮಾನ ತಡವಾಯಿತೆಂದು ಅಮೆರಿಕದ ವಿಮಾನ ಕಾಯಲ್ಲ. ಬ್ಯಾಗನ್ನೂ ಬೆಂಗಳೂರಿನಲ್ಲಿ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕು. ಒಂದೇ ಬುಕಿಂಗ್‌ನಲ್ಲಿ ಸಿಗುತ್ತಾ ಅಂತ ಟಿಕೆಟ್ ಮಾಡುವವರನ್ನು ಕೇಳಿ. ಇಲ್ಲದಿದ್ದರೆ ಹಿಂದಿನ ದಿನವೇ ಹೋಗಿ.