ಹೊಳೆ, ಕಂಚು, ಗಾಜು: ಪ್ರತಿಬಿಂಬದ ಒಗಟುಗಳ ಚರಿತ್ರೆ

ಕನ್ನಡದ ಯಾವ ಒಗಟಿನ ಸಂಗ್ರಹವನ್ನು ತೆರೆದರೂ ಕನ್ನಡಿಯೇ ಉತ್ತರವಾಗಿರುವ ಒಂದೆರಡು ಒಗಟುಗಳು ಸಿಗುತ್ತವೆ. ನಕ್ಕರೆ ನಗುವ, ಅತ್ತರೆ ಅಳುವ, ಕರೆದರೆ ಮಾತ್ರ ಓಗೊಡದ ವಸ್ತು ಯಾವುದು ಎಂಬುದು ಅವುಗಳ ಸಾಮಾನ್ಯ ಧಾಟಿ. ಸಂಗ್ರಾಹಕರು ಅದನ್ನು ಬರೆದುಕೊಂಡು, ಎದುರಿಗೆ ‘ಕನ್ನಡಿ’ ಎಂಬ ಒಂದೇ ಪದವನ್ನಿಟ್ಟು ಮುಂದಿನ ಒಗಟಿಗೆ ಸಾಗುತ್ತಾರೆ. ಆದರೆ ಯಾವ ಕನ್ನಡಿ? ಗೋಡೆಗೆ ತೂಗುಹಾಕಿದ ಗಾಜೇ, ಅಂಗೈಯಗಲದ ಕಂಚೇ, ನಿಂತ ನೀರೇ? ಈ ಪ್ರಶ್ನೆಯನ್ನು ಕೇಳದೆ ಹೋದುದರಿಂದ ಪ್ರತಿಬಿಂಬದ ಒಗಟುಗಳು ಮಕ್ಕಳ ವಿನೋದದ ಪಟ್ಟಿಗೆ ಸೇರಿವೆ. ತುಂಗಭದ್ರೆಯ ದಡದ ಒಂದು ಊರನ್ನು ನೆಲೆಯಾಗಿಟ್ಟುಕೊಂಡು ಈ ಒಗಟುಗಳ ಹಿಂದಿನ ನೋಟದ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಕೊರ್ಲಹಳ್ಳಿ ಹೊಳೆದಂಡೆಯ ಊರು. ಮುಂಡರಗಿಯಿಂದ ಹೂವಿನಹಡಗಲಿಯ ಕಡೆಗೆ ಹೋಗುವ ದಾರಿ ಇಲ್ಲಿ ಸೇತುವೆಯ ಮೇಲೆ ನದಿಯನ್ನು ದಾಟುತ್ತದೆ. ಆಚೆ ದಂಡೆಯಲ್ಲಿ ಮದಲಗಟ್ಟಿ. ಬ್ರಿಟಿಷರ ಕಾಲದಲ್ಲಿ ಈಚೆಯ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೂ ಆಚೆಯ ದಡ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೂ ಸೇರಿದ್ದವು. 1953ರಲ್ಲಿ ಹಡಗಲಿಯ ಭಾಗ ಮೈಸೂರು ರಾಜ್ಯಕ್ಕೆ ಬಂದು, 1956ರಲ್ಲಿ ಧಾರವಾಡವೂ ಅದರೊಡನೆ ಕೂಡಿಕೊಳ್ಳುವವರೆಗೆ ಒಂದೇ ಭಾಷೆಯ ಜನ ನೀರಿನಾಚೆಯ ಇನ್ನೊಂದು ಸರಕಾರದ ನೆಲವನ್ನು ನೋಡುತ್ತ ಬಾಳಿದರು. ಮಳೆಗಾಲದ ಹೊಳೆ ಕೆಂಪಾಗಿ, ಅಲೆಯೆದ್ದು ಹರಿಯುವುದರಿಂದ ಅದರಲ್ಲಿ ಏನೂ ಕಾಣುವುದಿಲ್ಲ. ಮಾಘ ಕಳೆದು ಹರಿವು ಸಣ್ಣದಾಗಿ, ಮಡುಗಳಲ್ಲಿ ನೀರು ನಿಂತಾಗ ಮಾತ್ರ ಎದುರು ದಂಡೆಯ ಮರ ತಲೆಕೆಳಗಾಗಿ ಮೂಡುತ್ತದೆ. ಬಹುಜನರ ಪಾಲಿಗೆ ಶತಮಾನಗಳ ಕಾಲ ಇದ್ದ ದೊಡ್ಡ ಕನ್ನಡಿ ಇದೊಂದೇ.

ನೀರಿನ ಕನ್ನಡಿಗೂ ಗೋಡೆಯ ಕನ್ನಡಿಗೂ ಇರುವ ವ್ಯತ್ಯಾಸವೇ ಒಂದು ಒಗಟು. ಗೋಡೆಯ ಕನ್ನಡಿ ಎಡವನ್ನು ಬಲ ಮಾಡುತ್ತದೆ, ಮೇಲು ಕೆಳಗನ್ನು ಹಾಗೆಯೇ ಬಿಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನೀರು ಮೇಲನ್ನು ಕೆಳಗೆ ಮಾಡುತ್ತದೆ, ಎಡಬಲವನ್ನು ಮುಟ್ಟುವುದಿಲ್ಲ. ಒಂದೇ ಗುಣದ ಎರಡು ವಸ್ತುಗಳು ಎರಡು ಬಗೆಯಲ್ಲಿ ನಡೆದುಕೊಳ್ಳುವುದೇಕೆ? ನಿಜದಲ್ಲಿ ಎರಡೂ ಮಾಡುವುದು ಒಂದೇ ಕೆಲಸ: ತನ್ನ ಮೈಗೆ ನೇರವಾಗಿರುವ ದಿಕ್ಕನ್ನು ಹಿಂದುಮುಂದಾಗಿಸುವುದು. ನೀರು ಮಲಗಿದೆ, ಆದ್ದರಿಂದ ಮೇಲು ಕೆಳಗಾಗುತ್ತದೆ. ಗೋಡೆಯ ಗಾಜು ನಿಂತಿದೆ, ಆದ್ದರಿಂದ ಮುಂದು ಹಿಂದಾಗುತ್ತದೆ. ಎಡಬಲದ ಮಾತು ನೋಡುವವನು ತನ್ನನ್ನು ಮನಸ್ಸಿನಲ್ಲೇ ಆ ಕಡೆಗೆ ತಿರುಗಿಸಿ ನಿಲ್ಲಿಸಿಕೊಂಡಾಗ ಹುಟ್ಟುವ ಭ್ರಮೆ. ಹೊಳೆಯಲ್ಲೇ ಬಿಂಬವನ್ನು ನೋಡಿ ಬೆಳೆದವರಿಗೆ ಈ ಭ್ರಮೆಯ ತೊಡಕು ಅಷ್ಟಾಗಿ ಇರಲಾರದು.

ನೀರಿನ ಬಿಂಬ ಮುಖ ನೋಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ದೂರದ್ದನ್ನು, ಮರೆಯಾದುದನ್ನು ಅರಿಯುವ ಸಾಧನವಾಗಿತ್ತು. ಇದಕ್ಕೆ ಶಾಸ್ತ್ರಗ್ರಂಥಗಳ ಸಾಕ್ಷ್ಯವಿದೆ. ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತನು ನೆರಳಿನ ಲೆಕ್ಕಗಳ ಜೊತೆಯಲ್ಲೇ ನೀರಿನಲ್ಲಿ ಕಾಣುವ ಬಿಂಬದಿಂದ ಮನೆಯ ಎತ್ತರವನ್ನು ಕಂಡುಹಿಡಿಯುವ ಕ್ರಮವನ್ನು ಹೇಳುತ್ತಾನೆ. ಅದರ ತಿರುಳನ್ನು ಗಂಗಾಳದಲ್ಲಿ ನೀರು ತುಂಬಿ ಯಾರೂ ಪರೀಕ್ಷಿಸಬಹುದು. ನೋಡುವವನ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆ. ಕಾಲಿನಿಂದ 4 ಅಡಿ ದೂರದಲ್ಲಿಟ್ಟ ಗಂಗಾಳದಲ್ಲಿ ಮರದ ತುದಿ ಕಾಣುತ್ತದೆ. ಗಂಗಾಳದಿಂದ ಮರದ ಬುಡಕ್ಕೆ 32 ಅಡಿ. ಹಾಗಾದರೆ ಮರದ ಎತ್ತರ 40 ಅಡಿ. ನಾಲ್ಕಕ್ಕೆ ಐದಾದರೆ ಮೂವತ್ತೆರಡಕ್ಕೆ ಎಷ್ಟು ಎಂಬ ತ್ರೈರಾಶಿಯಷ್ಟೇ ಇದು.

ಇದಕ್ಕಿಂತ ಬೆರಗಿನದು 1150ರ ಸಿದ್ಧಾಂತಶಿರೋಮಣಿಯಲ್ಲಿದೆ. ಎರಡನೆಯ ಭಾಸ್ಕರನು ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎನ್ನುತ್ತಾನೆ. ಅದು ವಿಜಾಪುರವೋ ಮಹಾರಾಷ್ಟ್ರದ ಚಾಳೀಸಗಾಂವ್ ಸಮೀಪದ ಊರೋ ಎಂಬ ವಾದ ಇನ್ನೂ ನಡೆದಿದೆ. ಗ್ರಂಥದ ಯಂತ್ರಾಧ್ಯಾಯದಲ್ಲಿ ಅವನು ಒಡ್ಡುವ ಸವಾಲು ಹೀಗಿದೆ: ಬಿದಿರು ಕಣ್ಣಿಗೆ ಬೀಳದೆ ಇರಬಹುದು, ಅದರ ತುದಿಯ ಬಿಂಬ ಮಾತ್ರ ನೀರಿನಲ್ಲಿ ಕಾಣುತ್ತದೆ, ನಿಂತ ಸ್ಥಳವನ್ನು ಬಿಡದೆ ಆ ಬಿದಿರಿನ ದೂರವನ್ನೂ ಎತ್ತರವನ್ನೂ ಹೇಳಬೇಕು. ಹೇಳಬಲ್ಲವನು ಮನುಷ್ಯರೂಪದ ಸರ್ವಜ್ಞನೆಂದು ಕವಿಗಣಿತಜ್ಞನ ಉತ್ಪ್ರೇಕ್ಷೆ. ಅವನಿಗೆ ಬೇಕಾದ ಸಾಧನ ಒಂದು ಕೋಲು, ಅದಕ್ಕೆ ಅವನಿಟ್ಟ ಹೆಸರು ಧೀಯಂತ್ರ, ಅಂದರೆ ಬುದ್ಧಿಯೇ ಯಂತ್ರ. ಒಮ್ಮೆ ನಿಂತು, ಒಮ್ಮೆ ಕುಳಿತು ಕೋಲಿನ ನೇರಕ್ಕೆ ಬಿಂಬವನ್ನು ನೋಡಿದರೆ ಸಾಕು. ನೀರಿನ ಮಟ್ಟದಿಂದ ಕಣ್ಣು ನಿಂತಾಗ 5 ಅಡಿ, ಕುಳಿತಾಗ 3 ಅಡಿ ಎತ್ತರದಲ್ಲಿದೆ ಎಂದುಕೊಳ್ಳೋಣ. ಮೊದಲ ನೋಟ 20 ಅಂಗುಲ ಮುಂದೆ ಹೋಗುವಷ್ಟರಲ್ಲಿ 20 ಅಂಗುಲ ಇಳಿಯುತ್ತದೆ, ಎರಡನೆಯದು 19 ಅಂಗುಲ. 20ಕ್ಕೆ ಒಂದು ಅಂಗುಲದ ಈ ಅಂತರ ಕಣ್ಣು ಇಳಿದ 2 ಅಡಿಗೆ ಸಮ. ಆದ್ದರಿಂದ ಬಿದಿರು 40 ಅಡಿ ದೂರದಲ್ಲಿದೆ. ಬಿಂಬ ನೀರಿನ ಮಟ್ಟಕ್ಕಿಂತ 35 ಅಡಿ ಕೆಳಗಿದ್ದರೆ ಬಿದಿರು ಅಷ್ಟೇ ಮೇಲಿದೆ. ಎದುರು ದಂಡೆಗೆ ಹೋಗಲಾರದವನು ಇದ್ದಲ್ಲಿಂದಲೇ ಆಚೆಯದನ್ನು ಅಳೆಯುವ ಈ ಬಗೆ ಒಗಟಿನ ರೂಪದಲ್ಲೇ ಬಂದಿರುವುದು ಗಮನಾರ್ಹ. ಶಾಸ್ತ್ರಕಾರನೂ ಒಗಟು ಹೇಳುವ ಅಜ್ಜಿಯೂ ಕೇಳುವವನನ್ನು ಕೆಣಕುವ ರೀತಿ ಒಂದೇ.

ಜನಪದ ಕಥನದಲ್ಲಿ ಇದರ ಪ್ರಸಿದ್ಧ ನಿದರ್ಶನ ಮತ್ಸ್ಯಯಂತ್ರ. ಮೇಲೆ ತಿರುಗುವ ಮೀನು, ಕೆಳಗೆ ನೀರಿನ ಪಾತ್ರೆ, ಬಿಂಬವನ್ನು ನೋಡುತ್ತ ಬಾಣ ಬಿಡುವ ಅರ್ಜುನ: ಬಯಲಾಟ ಕಂಡ ಪ್ರತಿಯೊಬ್ಬರಿಗೂ ಇದು ಗೊತ್ತು. ಆದರೆ ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತದ ಸಂಶೋಧಿತ ಆವೃತ್ತಿಯಲ್ಲಿ ಮೀನೂ ಇಲ್ಲ, ನೀರೂ ಇಲ್ಲ. ಅಲ್ಲಿರುವುದು ಆಕಾಶದಲ್ಲಿ ನಿಲ್ಲಿಸಿದ ಯಂತ್ರ, ಅದರ ರಂಧ್ರ, ಐದು ಬಾಣ. ನೀರನ್ನು ತಂದಿಟ್ಟದ್ದು ಮುಂದಿನ ಕಥನ ಪರಂಪರೆ. ತಂದಿಟ್ಟವರು ಕಷ್ಟವನ್ನು ಅರಿತೇ ತಂದಿಟ್ಟಂತಿದೆ. ತಲೆಯೆತ್ತಿ ನೋಡಿದರೆ ಬಲಸುತ್ತಾಗಿ ತಿರುಗುವ ಚಕ್ರ ನೀರಿನಲ್ಲಿ ಎಡಸುತ್ತಾಗಿ ತಿರುಗುತ್ತದೆ. ಬಿಂಬವನ್ನು ನಂಬಿದವನ ಬಾಣ ತಪ್ಪುತ್ತದೆ, ಬಿಂಬವನ್ನು ಬಿಟ್ಟವನಿಗೆ ಗುರಿಯೇ ಇಲ್ಲ.

ಬಿಂಬವನ್ನು ನಂಬಿ ಕೆಟ್ಟವನ ಕತೆಗೆ ಗದಗ ಸೀಮೆಯ ನಂಟಿದೆ. ಚಾಲುಕ್ಯ ಇಮ್ಮಡಿ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು; ಅವನ ಸಯ್ಯಡಿಯನ್ನು ರೋಣ ತಾಲೂಕಿನ ಸವಡಿ ಎಂದು ಗುರುತಿಸಲಾಗಿದೆ. ಪಂಚತಂತ್ರ ಪರಂಪರೆಯ ಸಿಂಹ ಮತ್ತು ಮೊಲದ ಕತೆಯಲ್ಲಿ ಸಿಂಹ ಬಾವಿಯೊಳಗಿನ ತನ್ನ ಬಿಂಬವನ್ನು ವೈರಿಯೆಂದು ತಿಳಿದು ಹಾರುತ್ತದೆ. ಹಲವು ಪಾಠಗಳಲ್ಲಿ ಸಿಂಹ ಮೊದಲು ಗರ್ಜಿಸುತ್ತದೆ, ಬಾವಿ ಮರುದನಿ ಕೊಡುತ್ತದೆ. ಈಗ ಆರಂಭದ ಒಗಟಿಗೆ ಮರಳಬಹುದು. ಕರೆದರೆ ಓಗೊಡದು ಎಂಬ ಮಾತು ಅಲಂಕಾರಕ್ಕೆ ಬಂದದ್ದಲ್ಲವೆಂದು ತೋರುತ್ತದೆ. ಬಾವಿಯ ಬಿಂಬ ಓಗೊಡುತ್ತದೆ, ಕೈಗನ್ನಡಿಯದು ಓಗೊಡುವುದಿಲ್ಲ. ಒಗಟು ಬಾವಿಯನ್ನು ಕಳೆದು ಕನ್ನಡಿಯನ್ನು ಉಳಿಸುವ ಕೊನೆಯ ಸುಳಿವು ಇದೇ. ಬಾವಿಯನ್ನು ಬಲ್ಲವರಿಗೆ ಮಾತ್ರ ಇದು ಸುಳಿವಾಗುತ್ತದೆ. ನಲ್ಲಿಯ ನೀರಿನ ಇಂದಿನ ಮಕ್ಕಳಿಗೆ ಅದು ಬರಿಯ ಪ್ರಾಸ.

ಲೋಹದ ಕನ್ನಡಿ ಪ್ರಾಚೀನವೇ, ಆದರೆ ಎಲ್ಲರದಲ್ಲ. ದಿಗಂಬರ ಜೈನರ ಅಷ್ಟಮಂಗಲಗಳಲ್ಲಿ ಕಲಶದೊಡನೆ ದರ್ಪಣವೂ ಇದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇರುವ ಲಕ್ಕುಂಡಿ ಇದೇ ಜಿಲ್ಲೆಯದು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯ ಕೈಯಲ್ಲಿರುವುದು ಸಣ್ಣ ದುಂಡು ಕನ್ನಡಿ. ಅಷ್ಟು ಸಣ್ಣದರಲ್ಲಿ ಮುಖವೆಲ್ಲ ಕಂಡೀತೆ ಎಂದು ಕೇಳುವವರಿದ್ದಾರೆ. ಕಾಣುತ್ತದೆ. ಚಪ್ಪಟೆಯಾದ ಕನ್ನಡಿ ಮುಖದ ಅರ್ಧದಷ್ಟಿದ್ದರೆ ಸಾಕು, ಐದೂವರೆ ಅಡಿಯ ಆಳಿಗೆ ಎರಡೂಮುಕ್ಕಾಲು ಅಡಿಯ ನಿಲುವುಗನ್ನಡಿ ಸಾಕು. ಹಿಂದೆ ಸರಿದರೆ ಹೆಚ್ಚು ಕಂಡೀತು ಎಂಬುದು ತಪ್ಪು ತಿಳಿವಳಿಕೆ. ಎಷ್ಟು ದೂರ ನಿಂತರೂ ಕಾಣುವುದು ಅಷ್ಟೇ. ಬಿಂಬವೂ ಅಷ್ಟೇ ದೂರ ಹಿಂದಕ್ಕೆ ಸರಿಯುವುದೇ ಇದಕ್ಕೆ ಕಾರಣ.

ಕನ್ನಡಿಯ ಈ ಅಳತೆಯ ಮೇಲೆಯೇ ನಿಂತಿರುವ ಒಂದು ಕತೆಯಿದೆ. ಕನ್ನಡಿಯನ್ನೇ ಅರಿಯದ ಹಳ್ಳಿಗನಿಗೆ ಅದೊಂದು ಸಿಕ್ಕುತ್ತದೆ. ಅವನು ಅದರಲ್ಲಿ ಸತ್ತ ತಂದೆಯನ್ನು ಕಂಡು ಬಚ್ಚಿಡುತ್ತಾನೆ. ಹೆಂಡತಿ ಕದ್ದು ನೋಡಿ ಸವತಿಯನ್ನು ಕಾಣುತ್ತಾಳೆ. ಅತ್ತೆಗೆ ಮುದುಕಿ ಕಾಣುತ್ತಾಳೆ. ಕರ್ನಾಟಕದಂತೆ ಜಪಾನ್, ಕೊರಿಯಾಗಳಲ್ಲೂ ಈ ಕತೆ ಇದೆ. ಇದರ ಹಳೆಯ ರೂಪಗಳು ಭಾರತದಿಂದ ಹೋದ ಬೌದ್ಧ ದೃಷ್ಟಾಂತಗಳ ಚೀನೀ ಅನುವಾದಗಳಲ್ಲಿವೆ. ಒಂದರಲ್ಲಿ ಗಂಡಹೆಂಡಿರು ಮದ್ಯದ ಹರವಿಯಲ್ಲಿ ತಮ್ಮ ಬಿಂಬವನ್ನೇ ಕಂಡು ಜಗಳವಾಡುತ್ತಾರೆ, ಕೊನೆಗೆ ಸಾಧುವೊಬ್ಬ ಹರವಿಯನ್ನು ಒಡೆಯುತ್ತಾನೆ. ಕ್ರಿ.ಶ. 492ರಲ್ಲಿ ಚೀನೀ ಭಾಷೆಗೆ ಬಂದ ‘ನೂರು ದೃಷ್ಟಾಂತಗಳು’ ಗ್ರಂಥದ ಇನ್ನೊಂದರಲ್ಲಿ ಸಾಲಗಾರನು ನಿಧಿಯ ಪೆಟ್ಟಿಗೆಯೊಳಗಿನ ಕನ್ನಡಿಯಲ್ಲಿ ಮುಖವೊಂದನ್ನು ಕಂಡು, ನಿಧಿಯ ಒಡೆಯನಿದ್ದಾನೆಂದು ಕೈಮುಗಿದು ಹೋಗುತ್ತಾನೆ. ಕೊರ್ಲಹಳ್ಳಿಯ ತಾಲೂಕಿನಲ್ಲೇ ಇರುವ ಡಂಬಳದಲ್ಲಿ ಬೌದ್ಧ ವಿಹಾರವೂ ತಾರಾದೇವಿಯ ಗುಡಿಯೂ ಇದ್ದುದನ್ನು 1095ರ ಶಾಸನ ಹೇಳುತ್ತದೆ. ಕತೆ ಆ ದಾರಿಯಲ್ಲೇ ಬಂತೆನ್ನಲು ಇಷ್ಟು ಸಾಲದು. ಬೌದ್ಧ ಕಥಾಸಾಮಗ್ರಿ ಈ ನೆಲಕ್ಕೆ ಅಪರಿಚಿತವಲ್ಲ ಎನ್ನಲು ಸಾಕು.

ಈ ಕತೆಯಲ್ಲಿ ಯಾರೂ ಜೊತೆಯಾಗಿ ಕನ್ನಡಿ ನೋಡುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಗಂಡಹೆಂಡಿರು ಕೂಡಿ ನೋಡಿದ್ದರೆ ಗುರುತಿನ ಮುಖವೊಂದು ಅಪರಿಚಿತ ಮುಖದ ಪಕ್ಕದಲ್ಲಿ ಕಂಡು ಗುಟ್ಟು ಒಡೆಯುತ್ತಿತ್ತು. ಅಕ್ಕಪಕ್ಕ ನಿಂತವರ ನಡುವೆ ಅಂಗೈಗನ್ನಡಿ ಹಿಡಿದರೆ ಮತ್ತೂ ಸ್ವಾರಸ್ಯ: ಅವನಿಗೆ ಅವಳು, ಅವಳಿಗೆ ಅವನು ಕಾಣುತ್ತಾರೆ, ತಾವು ಕಾಣುವುದಿಲ್ಲ. ಒಬ್ಬೊಬ್ಬರೇ ಮರೆಯಲ್ಲಿ ನೋಡಬೇಕಾದ, ಬಚ್ಚಿಡಬಹುದಾದ ಸಣ್ಣ ಕನ್ನಡಿಯ ಕಾಲದ ಕತೆ ಇದು. ಗೋಡೆಯ ದೊಡ್ಡ ಗಾಜಿನ ಮುಂದೆ ಇದು ನಡೆಯಲಾರದು. ತವರ ಮತ್ತು ಪಾದರಸ ಲೇಪಿಸಿದ ವೆನಿಸ್ಸಿನ ಗಾಜು ಅರಮನೆಗಳ ಸೊತ್ತಾಗಿತ್ತು. ಜರ್ಮನಿಯ ಲೀಬಿಗ್ 1835ರಲ್ಲಿ ಗಾಜಿಗೆ ಬೆಳ್ಳಿ ಲೇಪಿಸುವ ರಾಸಾಯನಿಕ ಕ್ರಮವನ್ನು ಕಂಡುಹಿಡಿದ ನಂತರವೇ ಅಗ್ಗದ ಕನ್ನಡಿ ಸಂತೆಗೆ ಬರುವ ದಾರಿ ತೆರೆಯಿತು. ಅಲ್ಲಿಂದ ಒಗಟಿನ ಕನ್ನಡಿ ಮುಖಕ್ಕೆ, ಸಿಂಗಾರಕ್ಕೆ ಸೀಮಿತವಾಗುತ್ತ ಬಂದಿತೆಂದು ತೋರುತ್ತದೆ.

ಕನ್ನಡಿ ಎಲ್ಲರ ಕೈಗೂ ಸಲ್ಲುತ್ತಿರಲಿಲ್ಲ. ಮದುವೆ, ಜಾತ್ರೆಗಳ ಮೆರವಣಿಗೆಯಲ್ಲಿ ಕಳಸ ಕನ್ನಡಿ ಹಿಡಿಯುವವರು ಮುತ್ತೈದೆಯರು. ಹಲವು ಸಮುದಾಯಗಳಲ್ಲಿ ವಿಧವೆಗೆ ಕುಂಕುಮ, ಹೂವುಗಳಂತೆ ಕನ್ನಡಿಯೂ ನಿಷಿದ್ಧವಾಗಿತ್ತು. ಮಕ್ಕಳಿಗೆ ಒಗಟು ಹೇಳಿದ ಅಜ್ಜಿಯರಲ್ಲಿ ಇಂಥವರೂ ಇದ್ದರು. ನಕ್ಕರೆ ನಗುವ, ಕರೆದರೆ ಓಗೊಡದ ವಸ್ತು ಯಾವುದೆಂದು ಅವರು ಕೇಳುವಾಗ, ಉತ್ತರವಾಗಿದ್ದ ವಸ್ತುವನ್ನು ಅವರೇ ಮುಟ್ಟುವಂತಿರಲಿಲ್ಲ. ಕೊಡ ತುಂಬಲು ಹೊಳೆಗೆ ಬಗ್ಗಿದಾಗ ಕಾಣುವ ಮುಖಕ್ಕೆ ಮಾತ್ರ ಕಟ್ಟಳೆ ಹಾಕಲು ಯಾರಿಂದಲೂ ಆಗಿರಲಿಲ್ಲ. ನಮ್ಮ ಸಂಗ್ರಹಗಳಲ್ಲಿ ಒಗಟು ಹೇಳಿದವರ ಹೆಸರು, ಊರು, ವಯಸ್ಸು ದಾಖಲಾಗಿರುತ್ತವೆ. ಅವರ ಮನೆಯಲ್ಲಿ ಕನ್ನಡಿ ಇತ್ತೇ, ಇದ್ದರೆ ಎಲ್ಲಿತ್ತು, ಅದರ ಮುಂದೆ ಕೂರುವ ಅಧಿಕಾರ ಯಾರಿಗಿತ್ತು ಎಂಬುದು ದಾಖಲಾಗಿರುವುದು ವಿರಳ. ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಅದನ್ನು ಕೇಳಿ ಬರೆದುಕೊಳ್ಳಬಹುದಾದ ಹಿರಿಯರು ಇನ್ನೂ ಇದ್ದಾರೆ.